ತಾಳ ಹುಡುಕಿದ ಅಣ್ಣ

ನಮ್ಮಣ್ಣ ಪ್ಲೇಟು ಹಾಕುವ ಮೊದಲು ಕೈ ತೊಳೆದುಕೊಳ್ಳುತ್ತಿದ್ದ. ಊಟಕ್ಕೆ ಕೂಡುವಾಗ ಒಮ್ಮೊಮ್ಮೆ ಮರೆಯುತ್ತಿದ್ದ, ಇದಕ್ಕೆ ಮರೆಯುತ್ತಿರಲಿಲ್ಲ. ಹಾಡಿನ ರೆಕಾರ್ಡಿಗೆ ನಮ್ಮ ಕಡೆ ಆಗ ಪ್ಲೇಟು ಅನ್ನುತ್ತಿದ್ದರು. ಅದರ ಅಂಚನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಹಳೆಯ ಧೋತರದ ತುಂಡಿನಿಂದ ಮೆಲ್ಲಗೆ ಸುತ್ತಲೂ ಒರೆಸುತ್ತಿದ್ದ. ಆ ತುಂಡಿನಿಂದ ನಾನೊಮ್ಮೆ ಒಲೆಯ ಮೇಲಿನ ಪಾತ್ರೆ ಇಳಿಸಿದೆನೆಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಮೂರನೆಯ ದಿನ ತಾನೇ ಬಂದು, "ಕಸ ಇದ್ದಲ್ಲಿ ಹಾಡು ಕೂಡಂಗಿಲ್ಲ ತಂಗೀ. ನಿನಗ ಗೊತ್ತಿದ್ದಿದ್ದಿಲ್ಲ, ಬಿಡು" ಎಂದ. ಅವನ ಸಿಟ್ಟು ಅಷ್ಟೇ.

ಅವನು ತೀರಿಕೊಂಡು ಆರು ತಿಂಗಳಾಯಿತು. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಆಡಿದರು: "ಕಿವಿ ಹೋದ್ರೂ ಮನಶ್ಯಾ ಯಾರ ಮ್ಯಾಲೂ ಸಿಡುಕಲಿಲ್ಲ ನೋಡ್ರಿ." ಹೌದು, ಸಿಡುಕಲಿಲ್ಲ. ಆದರೆ ಆ ಕಿವಿಗಳು ಹೇಗೆ ಹೋದವು, ಅದರಲ್ಲಿ ನನ್ನ ಪಾಲೆಷ್ಟು ಎಂಬುದು ಅವರಿಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಇಷ್ಟು ಉದ್ದ ಎಂದೂ ಬರೆದವಳಲ್ಲ. ಆದರೂ ಅವನ ಒಳ್ಳೆಯತನವನ್ನಷ್ಟೇ ಹೇಳುತ್ತ ಕೂತರೆ ಅದೂ ಒಂದು ಸುಳ್ಳಾಗುತ್ತದೆ. ನಾನು ಹೇಳಿದ ಸುಳ್ಳುಗಳು ಈಗಾಗಲೇ ಸಾಕಷ್ಟಾಗಿವೆ.

ನಮ್ಮ ಊರು ತಿಕೋಟಾ. ಅಪ್ಪ, ಅವ್ವ ಇಬ್ಬರೂ ಬೇಗ ಹೋದರು. ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವ. ವಿಜಾಪುರದಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಮಿಲ್ಲೊಂದರಲ್ಲಿ ಅವನಿಗೆ ಕೆಲಸ ಸಿಕ್ಕಾಗ ನನ್ನನ್ನೂ ಕರೆದುಕೊಂಡು ಬಂದ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಎರಡು ಖೋಲಿಯ ಮನೆ. ನಾನು ಅಡಿಗೆ ಮಾಡಿ ಬುತ್ತಿ ಕಟ್ಟುವುದು, ಅವನು ದುಡಿಯುವುದು. ಮದುವೆಯ ಮಾತು ಬಂದರೆ "ಮೊದಲ ತಂಗೀದಾಗಲಿ, ಆಮ್ಯಾಲ ನಂದು" ಎನ್ನುತ್ತಿದ್ದ.

ಮಿಲ್ಲಿನಲ್ಲಿ ಅವನು ಫಿಟ್ಟರ್ ಆಗಿದ್ದ. ಸಾಲಾಗಿ ನಿಂತು ಒಮ್ಮೆಗೇ ಕೂಗುವ ಮಷೀನುಗಳ ನಡುವೆ ಸುಮ್ಮನೆ ಒಂದು ಸುತ್ತು ಹೊಡೆದು, ಯಾವುದರ ರೋಲರ್ ಸವೆದಿದೆ, ಯಾವುದರ ಬೇರಿಂಗಿಗೆ ಎಣ್ಣೆ ಬೇಕು ಎಂದು ಹೇಳುತ್ತಿದ್ದನಂತೆ. ಒಮ್ಮೆ ಮಾಲೀಕರು ಪರೀಕ್ಷೆಗೆಂದು ಅವನಿಲ್ಲದಾಗ ಒಂದು ಮಷೀನಿನ ಬೋಲ್ಟು ಸಡಿಲ ಮಾಡಿಸಿಟ್ಟಿದ್ದರು. ಇವನು ಬಾಗಿಲ ಒಳಗೆ ಬಂದವನು ಅಲ್ಲೇ ನಿಂತು, "ಅದರ ಕಾಲು ಯಾರು ಮುರದಾರ?" ಎಂದು ನೇರವಾಗಿ ಅದರ ಹತ್ತಿರ ಹೋದನಂತೆ. ಜೊತೆಗಾರರಲ್ಲಿ ಕೆಲವರು ಕಿವಿಗೆ ಹತ್ತಿ ತುರುಕಿಕೊಂಡು ದುಡಿಯುತ್ತಿದ್ದರು. ನೀನೂ ಇಟ್ಟುಕೋ ಎಂದರೆ ಇವನು ನಗುತ್ತಿದ್ದ. "ಮಷೀನು ಮಾತಾಡತಿರತೈತಿ. ನಾ ಕಿವಿ ಮುಚಗೊಂಡ ನಿಂತ್ರ ಅದು ಯಾರಿಗೆ ಹೇಳಬೇಕು?" ಇನ್ನೊಂದು ಮಾತನ್ನೂ ಹೇಳುತ್ತಿದ್ದ: "ಮಷೀನು ಕೆಡೂಕಿಂತ ಮೊದಲ ಹೇಳತೈತಿ. ಮನಶ್ಯಾರು ಕೆಟ್ಟ ಮ್ಯಾಲ ಹೇಳತಾರ."

ಹುಡುಗನಾಗಿದ್ದಾಗ ಅವನು ತಿಕೋಟಾದ ಭಜನೆಯ ಮೇಳದಲ್ಲಿ ತಾಳ ಹಿಡಿಯುತ್ತಿದ್ದ. ಹಾಡಲು ಬರುತ್ತಿರಲಿಲ್ಲ, ತಾಳವೇ ಅವನ ಹಾಡು. "ಹಾಡವ ದಾರಿ ತಪ್ಪಿದ್ರ ತಾಳ ಹಿಡದವ ಕೈ ಹಿಡದ ಕರಕೊಂಡ ಬರಬೇಕು" ಎನ್ನುತ್ತಿದ್ದ. ಊರು ಬಿಟ್ಟ ಮೇಲೆ ಅದೂ ಬಿಟ್ಟುಹೋಯಿತು. ಅದಕ್ಕೇ ಇರಬೇಕು, ತಿಕೋಟಾದಲ್ಲಿ ಮದುವೆಗಳಿಗೆ ಲೌಡ್‌ಸ್ಪೀಕರ್ ಬಾಡಿಗೆ ಕೊಡುವವನೊಬ್ಬ ಹಳೆಯ ರೆಕಾರ್ಡ್ ಪ್ಲೇಯರನ್ನು ಮಾರಲು ತೆಗೆದಾಗ ಇವನು ಮಾರನೆಯ ದಿನವೇ ಬಸ್ಸು ಹತ್ತಿ ಹೋಗಿ ತಂದ. ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ರಸ್ತೆಯುದ್ದಕ್ಕೂ ಅದಕ್ಕೆ ಧಕ್ಕೆಯಾಗದಂತೆ ಕೈ ಅಡ್ಡ ಹಿಡಿದುಕೊಂಡು ಬಂದಿದ್ದ. ಜೊತೆಗೆ ಏಳೆಂಟು ಪ್ಲೇಟುಗಳು. ಅವುಗಳಲ್ಲಿ ಒಂದು ಭಜನೆಯದು. ಹಾರ್ಮೋನಿಯಂ, ತಬಲಾ, ಹಿಂದೆ ಕಂಚಿನ ತಾಳ. ಹಾಡಿದವರು ಯಾರೆಂದು ನಮಗೆ ಗೊತ್ತಿರಲಿಲ್ಲ, ನಡುವಿನ ಕಾಗದ ಹರಿದುಹೋಗಿತ್ತು. ಅಣ್ಣ ಆ ಪ್ಲೇಟನ್ನು ತಾಳಕ್ಕಾಗಿ ಹಾಕುತ್ತಿದ್ದ.

ಮೊದಮೊದಲು ಅದರ ದನಿ ಗಂಟಲು ಕಟ್ಟಿದವರ ದನಿಯ ಹಾಗಿತ್ತು. ಸಾಲದ್ದಕ್ಕೆ ರೈಲು ಬಂದರೆ ನಮ್ಮ ಮನೆಯ ನೆಲ ನಡುಗಿ ಸೂಜಿ ಪ್ಲೇಟಿನ ಮೇಲೆ ಕುಪ್ಪಳಿಸುತ್ತಿತ್ತು. ಅಣ್ಣ ಒಂದು ವಾರ ಯೋಚಿಸಿ, ತಿಕೋಟಾದ ಮನೆಯಲ್ಲಿ ಬಿದ್ದಿದ್ದ ಅವ್ವನ ಬೀಸುವ ಕಲ್ಲಿನ ತಳಗಲ್ಲನ್ನು ತಂದ. ಅದರ ಕೆಳಗೆ ಮಿಲ್ಲಿನ ಕಸದ ಹತ್ತಿಯನ್ನು ಮೆತ್ತೆ ಮಾಡಿ ಹಾಸಿ, ಕಲ್ಲಿನ ಮೇಲೆ ಪ್ಲೇಯರ್ ಇಟ್ಟ. ಗಂಗಾಳದಲ್ಲಿ ನೀರು ತುಂಬಿ ಅದರ ಮೇಲಿಟ್ಟು, ನೀರು ಎಲ್ಲ ಕಡೆ ಅಂಚಿಗೆ ಸಮವಾಗುವವರೆಗೆ ಕಲ್ಲಿನ ಕೆಳಗೆ ಕಟ್ಟಿಗೆಯ ಚಕ್ಕೆ ಕೊಟ್ಟ. ಮಾರನೆಯ ಬೆಳಿಗ್ಗೆ ರೈಲು ಹೋಯಿತು, ಹಾಡು ನಿಲ್ಲಲಿಲ್ಲ. ಅವನು ರೈಲಿಗೇ ಕೈ ಬೀಸಿದ!

ಆಮೇಲೆ ಸ್ಪೀಕರ್. ಪ್ಲೇಯರಿನ ಡಬ್ಬಿಯಲ್ಲೇ ಇದ್ದ ಸಣ್ಣ ಸ್ಪೀಕರನ್ನು ಬಿಚ್ಚಿ, ನೀರು ತುಂಬುವ ದೊಡ್ಡ ಹರವಿಯ ಬಾಯಿಗೆ ಕೂರಿಸಿದ. ಒಳಗೆ ಹತ್ತಿ. ತಬಲಾದ ಎಡಗೈ ಪೆಟ್ಟು ಅಂದು ಮೊದಲ ಸಲ ಎದೆಗೆ ತಾಗಿತು. ತಿಕೋಟಾದಿಂದ ಬಂದಿದ್ದ ನಮ್ಮ ಚಿಗವ್ವ, ಅವ್ವನ ತಂಗಿ, ಬಾಗಿಲಲ್ಲೇ ನಿಂತು ನಕ್ಕಳು. "ಏನ್ಲೇ ಇದು, ನೀರ ತುಂಬೂ ಹರವ್ಯಾಗ ಹಾಡ ತುಂಬಿ ಇಟ್ಟೀಯಲ್ಲ! ಇನ್ನ ಬಾಯಾರಿಕಿ ಆದ್ರ ಏನ ಕುಡೀಬೇಕು?"

"ಇದನ್ನ ಕುಡಿ ಚಿಗವ್ವಾ. ಒಮ್ಮಿ ಕುಡದ್ರ ದಿನಾ ಬೇಡತಿ."

ಸೂಜಿ ಪ್ಲೇಟಿನ ಮೇಲೆ ಎಷ್ಟು ಭಾರ ಕೂಡಬೇಕು ಎನ್ನುವುದಕ್ಕೆ ಅಕ್ಕಸಾಲಿಗರೊಬ್ಬರಿಂದ ಗುಲಗಂಜಿ ತಂದಿದ್ದ. ಬಂಗಾರ ತೂಗುವ ಕೆಂಪು ಕಾಳುಗಳು. ಎಲ್ಲರೂ ಸೂಜಿ ಜಾರಬಾರದೆಂದು ಅದರ ಕೈಯ ಮೇಲೆ ನಾಣ್ಯ ಅಂಟಿಸುತ್ತಿದ್ದ ಕಾಲ ಅದು. ಇವನು ಒಂದೊಂದೇ ಗುಲಗಂಜಿ ಇಳಿಸುತ್ತ, ಪ್ಲೇಟು ಸವೆಯದ ಹಾಗೆ, ಸೂಜಿಯೂ ಜಾರದ ಹಾಗೆ ತೂಕ ಹಿಡಿಯುತ್ತಿದ್ದ. ಹಿಡಿದ ಮೇಲೆ ನನ್ನ ಕಡೆ ತಿರುಗುತ್ತಿದ್ದ. "ಹೇಳ ತಂಗೀ, ಈಗ ಹೆಂಗೈತಿ?" ನನಗೆ ಸಂಗೀತ ಗೊತ್ತಿಲ್ಲ. ಆದರೆ ಮೊದಲಿಗಿಂತ ಚೊಕ್ಕವಾಗಿದೆಯೋ ಇಲ್ಲವೋ ಹೇಳಬಲ್ಲೆ. "ನಿನ್ನ ಕಿವಿ ಕಲಬೆರಕಿ ಇಲ್ಲದ್ದು" ಎನ್ನುತ್ತಿದ್ದ. ಎರಡು ವರ್ಷ ಹೀಗೆ ನಡೆಯಿತು. ಆ ರಜೆಯ ಬೆಳಿಗ್ಗೆಗಳು ನನ್ನ ಜೀವನದ ಒಳ್ಳೆಯ ಬೆಳಿಗ್ಗೆಗಳು.

ಒಂದು ರಜೆಯ ದಿನ ಭಜನೆಯ ಪ್ಲೇಟು ಅರ್ಧ ಮುಗಿದಾಗ ಅವನು ಸೂಜಿ ಎತ್ತಿದ.

"ತಾಳ ಮಾಸೈತಿ" ಎಂದ.

"ಮಾಸೈತಂದ್ರ?"

"ಹಿಂದ ಸರದೈತಿ. ಮದಲಿನಂಗ ಮಿಂಚವಲ್ದು. ಸೂಜಿ ಸವದಿರಬೇಕು."

ನನಗೆ ತಾಳ ಎಂದಿನಂತೆಯೇ ಕೇಳಿಸಿತ್ತು. ಆದರೆ ಅವನಿಗೆ ನನಗಿಂತ ಹೆಚ್ಚು ಗೊತ್ತು ಎಂದುಕೊಂಡೆ. ಸೂಜಿ ಬದಲಾಯಿಸಿದ. ನಾಲ್ಕು ದಿನ ಖುಷಿಯಾಗಿದ್ದ, ಐದನೆಯ ದಿನ ಮತ್ತೆ ಅದೇ ಮಾತು. ಆಗ ಬಜಾರಿನ ರೇಡಿಯೋ ರಿಪೇರಿಯ ಚಾಚಾನ ಹತ್ತಿರ ಹೋದ. ಅವರ ಅಂಗಡಿ ಒಂದು ಕಪಾಟಿನಷ್ಟು ಅಗಲ. ಬಾಯಲ್ಲಿ ಸದಾ ಎಲೆ ಅಡಿಕೆ, ಮೂಗಿನ ತುದಿಗೆ ಕನ್ನಡಕ. ಚಾಚಾ ವಾಲ್ವ್ ಹಾಕಿ ಒಂದು ಆಂಪ್ಲಿಫೈಯರ್ ಕಟ್ಟಿಕೊಟ್ಟರು. ಅದರಲ್ಲಿ ಸಣ್ಣ ದನಿಗಳನ್ನು ಏರಿಸಲು ಬೇರೆಯೇ ಒಂದು ಗುಂಡಿ. ಅದೂ ಸಾಲದಾಯಿತು. ತಾಳಕ್ಕೆಂದೇ ಅಂಗೈಯಷ್ಟಗಲದ ಇನ್ನೊಂದು ಸ್ಪೀಕರ್ ಬಂತು. ಕೊನೆಗೆ ಚಾಚಾನ ಕಡೆಯಿಂದ ಮುಂಬಯಿಯಿಂದ ವಜ್ರದ ಸೂಜಿ ತರಿಸಿದ. ವಜ್ರವೆಂದರೆ ಸಾಸಿವೆಗಿಂತ ಸಣ್ಣದು. ಆದರೂ ಓಣಿಯ ಹೆಂಗಸರು ನೋಡಲು ಬಂದರು. ನನ್ನ ಕೊರಳಲ್ಲಿ ಒಂದೆಳೆ ಬಂಗಾರವಿರಲಿಲ್ಲ. "ತಂಗಿಗಿಲ್ಲದ ವಜ್ರ ಪ್ಲೇಟಿಗೆ ಬಂತೇನ ಬೇ!" ಎಂದು ಹಂಗಿಸಿ ಹೋದರು.

ಅಷ್ಟೊತ್ತಿಗೆ ಆ ತಾಳ ನನಗೆ ತಡೆಯಲಾರದಷ್ಟು ಚೂಪಾಗಿತ್ತು. ಕಂಚಿನ ಮೇಲೆ ಮೊಳೆಯಿಂದ ಗೀರಿದ ಹಾಗೆ. ಅಣ್ಣ ಮಾತ್ರ ಸ್ಪೀಕರಿಗೆ ಕಿವಿ ಹಚ್ಚಿ ಕೂತು, "ಬರಾಕತ್ತೈತಿ, ಬರಾಕತ್ತೈತಿ, ಇನ್ನೊಂಚೂರು" ಎನ್ನುತ್ತಿದ್ದ.

ನನಗೆ ತಿಳಿದದ್ದು ಹಾಲಿನವನಿಂದ. ಅವನು ಬಾಗಿಲಿಗೆ ಬಂದು ಸೈಕಲ್ ಗಂಟೆ ಬಾರಿಸುತ್ತಿದ್ದ. ಅಂದು ಅಣ್ಣ ಅಂಗಳದಲ್ಲಿ ಗೋಡೆಯ ಕನ್ನಡಿಗೆ ಮುಖ ಮಾಡಿ ಗಡ್ಡ ಕೆರೆದುಕೊಳ್ಳುತ್ತಿದ್ದ. ಹಾಲಿನವ ಅವನ ಬೆನ್ನ ಹಿಂದೆ, ನಾಲ್ಕು ಮಾರು ದೂರದಲ್ಲಿ ನಿಂತು ಮೂರು ಸಲ ಗಂಟೆ ಹೊಡೆದ. ಅಣ್ಣ ತಿರುಗಲಿಲ್ಲ. ನಾನು ಚೊಂಬು ಹಿಡಿದು ಹೊರಗೆ ಬಂದಾಗ ಹಾಲಿನವ, "ಸಾಹೇಬ್ರು ಸಿಟ್ಟಿನಾಗ ಅದಾರೇನು?" ಎಂದು ಕೇಳಿದ. ಅಷ್ಟರಲ್ಲಿ ಮಿಲ್ಲಿನ ಭೋಂಗಾ ದೂರದಿಂದ ಕೂಗಿತು. ಅಣ್ಣ ತಕ್ಷಣ, "ಹೊತ್ತಾತು" ಎಂದು ಮುಖ ಒರೆಸಿಕೊಂಡ. ಭೋಂಗಾ ಕೇಳುತ್ತದೆ, ಗಂಟೆ ಕೇಳುವುದಿಲ್ಲ. ಆ ದಿನ ಸಂಜೆ ಮಿಲ್ಲಿನಿಂದ ಬಂದ ಮೇಲೆ ಅವನ ಬೆನ್ನ ಹಿಂದೆ ನಿಂತು ಕೈಬಳೆ ಅಲ್ಲಾಡಿಸಿ ನೋಡಿದೆ. ಮೆಲ್ಲಗೆ, ಆಮೇಲೆ ಜೋರಾಗಿ. ಅವನು ಗುಲಗಂಜಿಗಳನ್ನು ಸಾಲಾಗಿ ಜೋಡಿಸುತ್ತಲೇ ಇದ್ದ.

ಕೆಟ್ಟದ್ದು ಸೂಜಿಯಲ್ಲ, ಪ್ಲೇಟಲ್ಲ. ಅವನ ಕಿವಿಗಳಲ್ಲಿ ಸಣ್ಣ ದನಿಗಳು ಒಂದೊಂದಾಗಿ ಆರುತ್ತಿದ್ದವು. ಅವನೋ, ಅವನ್ನು ಮಷೀನಿನಲ್ಲಿ ಹುಡುಕುತ್ತಿದ್ದ. ಲೋಕದಲ್ಲಿ ಏನು ಕೆಟ್ಟರೂ ಅದು ಮಷೀನಿನದೇ ತಪ್ಪಾಗಿರಬೇಕು, ತನ್ನ ಕಿವಿ ತಪ್ಪಲಾರದು. ಹತ್ತು ವರ್ಷ ಅದನ್ನೇ ನಂಬಿ ದುಡಿದವನು ಅವನು.

ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಕಾರಣ ಇತ್ತು. ಆ ವಾರವೇ ಚಿಗವ್ವ ಬಬಲೇಶ್ವರದ ಒಂದು ಸಂಬಂಧ ತಂದಿದ್ದಳು. ಹೊಲ ಮನೆ ಇದ್ದ ಜನ, ಹುಡುಗ ನೇರ. ಆದರೆ ಅವರು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದ್ದರಂತೆ.

"ಮನತನದಾಗ ಯಾರಿಗರೆ ಏನರೆ ಊನ ಐತೇನು ಅಂತ ಕೇಳ್ಯಾರ" ಎಂದಳು ಚಿಗವ್ವ. "ಮದಲ ನೋಡಿದ ಹುಡುಗಿ ಕಾಕಾಗ ಮಾತು ಬರತಿದ್ದಿಲ್ಲಂತ, ಅದಕ್ಕ ಬಿಟ್ಟಾರಂತ. ನಾ ಎದಿ ಬಡಕೊಂಡು ಹೇಳೇನಿ, ನಮ್ಮ ಹುಡುಗಗ ಸಾವಿರ ಮಷೀನ್ದಾಗ ಒಂದ ಮಷೀನ್ ಕೆಮ್ಮಿದ್ರೂ ಗೊತ್ತಾಗತೈತಿ ಅಂತ."

ನನಗಾಗ ಇಪ್ಪತ್ತೊಂದು. ಓಣಿಯಲ್ಲಿ ನನ್ನ ವಾರಿಗೆಯವರೆಲ್ಲ ಗಂಡನ ಮನೆ ಸೇರಿದ್ದರು. ಅಣ್ಣನ ಕಿವಿಯ ಮಾತು ಹೊರಬಿದ್ದರೆ ಮಿಲ್ಲಿನ ಕೆಲಸವೂ ಹೋಗುತ್ತದೆ, ಈ ಸಂಬಂಧವೂ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಲಗ್ನ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅಲ್ಲಿಯವರೆಗೆ ಅವನು ಆ ಮಷೀನುಗಳ ನಡುವೆ ನಿಂತಷ್ಟೂ ಉಳಿದದ್ದು ಸವೆಯುತ್ತದೆ ಎಂಬುದು ನನಗೆ ತಿಳಿಯದೆ ಇರಲಿಲ್ಲ. ತಿಳಿಯಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ತಿಳಿದಿತ್ತು. ಯಾಕೆಂದರೆ ಒಬ್ಬರು ನನಗೆ ಅದನ್ನು ಬಿಡಿಸಿ ಹೇಳಿದ್ದರು.

ಚಾಚಾ ಒಂದು ದಿನ ಆಂಪ್ಲಿಫೈಯರಿನ ವಾಲ್ವ್ ನೋಡಲು ಮನೆಗೆ ಬಂದಿದ್ದರು. ಅಣ್ಣ ಅಂಗಡಿಯಿಂದ ಎಲೆ ತರಲು ಹೋದ. ಚಾಚಾ ಪ್ಲೇಟು ಹಚ್ಚಿ, ಎರಡು ಗಳಿಗೆ ಕೇಳಿ, ಮುಖ ಕಿವಿಚಿ ಗುಂಡಿ ಹಿಂದಕ್ಕೆ ತಿರುಗಿಸಿದರು.

"ಬೇಟಿ, ನಿಮ್ಮಣ್ಣಗ ಕಿವಿ ಹೆಂಗದಾವ?"

"ಛಲೋ ಅದಾವ್ರೀ ಚಾಚಾ."

"ಛಲೋ ಇದ್ದವ ಇದನ್ನ ಹಿಂಗ ಇಟ್ಟು ಕೇಳಂಗಿಲ್ಲ." ಅವರು ದನಿ ತಗ್ಗಿಸಿದರು. "ನಮ್ಮ ಅಬ್ಬಾ ಕಂಚಗಾರರ ಮಗ್ಗಲ್ದಾಗ ಅಂಗಡಿ ಇಟ್ಟಿದ್ರು. ಕಂಚ ಬಡಿಯೂ ಮಂದಿ ಕಿವಿ ಹಿಂಗ ಹೋಗೂದನ್ನ ನಾ ನೋಡೇನಿ. ಮೊದಲ ಹಕ್ಕಿ ಹೋಗತಾವ, ಆಮ್ಯಾಲ ಹೆಣ್ಣಮಕ್ಕಳ ಮಾತು, ಆಮ್ಯಾಲ ಎಲ್ಲಾ. ಆ ಮಿಲ್ ಬಿಡಸ್ರಿ. ನಾ ಹೇಳಿದ್ರ ಅಂವ, ಚಾಚಾಗ ಸೂಜಿ ಹಾಕಾಕ ಬರಂಗಿಲ್ಲ, ನನ್ನ ಕಿವಿ ಮ್ಯಾಲ ಹಾಕತಾನ ಅಂತಾನ. ನೀ ತಂಗಿ. ನಿನ್ನ ಮಾತು ನಂಬತಾನ. ಹೇಳತೀಯಿಲ್ಲೋ?"

"ಹೇಳತೇನ್ರೀ."

ಎಲೆಯ ಪೊಟ್ಟಣ ಹಿಡಿದು ಅಣ್ಣ ಬಂದ. "ಏನಂತಾರ ಚಾಚಾ?" ಎಂದು ನನ್ನನ್ನು ಕೇಳಿದ. "ಸೂಜಿ ಛಲೋ ಕುಂತೈತಂತ" ಎಂದೆ. ಚಾಚಾ ನನ್ನ ಮುಖ ನೋಡಿ, ತಮ್ಮ ಸಾಮಾನು ಚೀಲಕ್ಕೆ ತುಂಬಿಕೊಂಡರು. ಆಮೇಲೆ ಅವರು ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದರು.

ಬಬಲೇಶ್ವರದವರು ನನ್ನನ್ನು ನೋಡಲು ಒಂದು ರವಿವಾರ ಬಂದರು. ಅವಲಕ್ಕಿ, ಚಹಾ ಆದ ಮೇಲೆ ಅಣ್ಣ ಸುಮ್ಮನಿರಲಾರದೆ ಪ್ಲೇಟು ಹಾಕಿದ. ಬೀಗರಿಗೆ ತನ್ನ ಮನೆಯಲ್ಲಿ ತೋರಿಸಲು ಅವನ ಹತ್ತಿರ ಇದ್ದದ್ದು ಅದೊಂದೇ. ಕೈ ತೊಳೆದುಕೊಂಡ, ಒರೆಸಿದ, ಸೂಜಿ ಇಳಿಸಿದ. ತಾಳ ಖೋಲಿಯ ತುಂಬ ಚಿಮ್ಮಿತು. ಮುಂದೆ ನನ್ನ ಅತ್ತೆಯಾದವರು ಸೆರಗಿನಿಂದ ಕಿವಿ ಮುಚ್ಚಿಕೊಂಡರು.

"ಯಪ್ಪಾ, ಇದು ಭಜನಿಯೋ ಕಂಚಗಾರ ಓಣಿಯೋ? ಸ್ವಲ್ಪ ಸಣ್ಣ ಮಾಡ್ರಿ."

ಅಣ್ಣ ಸೂಜಿಯನ್ನೇ ನೋಡುತ್ತ ನಗುತ್ತಿದ್ದ. ಅವರು ಇನ್ನೊಮ್ಮೆ ಹೇಳಿದರು. ಅವನು ತಿರುಗಲಿಲ್ಲ. ಖೋಲಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಲು ಬಂದವರ ಮುಂದೆ ಹುಡುಗಿ ತಾನಾಗಿ ಬಾಯಿ ತೆರೆಯಬಾರದು ಎನ್ನುವುದು ನಮ್ಮಲ್ಲಿ ರೂಢಿ. ನಾನು ಎದ್ದು ಅಣ್ಣನ ಮುಂದೆ ಹೋಗಿ ನಿಂತು, "ಅಣ್ಣಾ, ಸಣ್ಣ ಮಾಡಂತ!" ಎಂದು ಒದರಿದೆ. ನಾನೇ ಗುಂಡಿ ತಿರುಗಿಸಿದೆ.

"ಹುಡುಗಿ ಬಾಯಿ ಜೋರೈತಿ" ಎಂದು ಅತ್ತೆ ನಕ್ಕರು. ಎಲ್ಲರೂ ನಕ್ಕರು. ಚಿಗವ್ವ ಮಾತು ಮುಚ್ಚಿದಳು: "ನಮ್ಮ ಹುಡುಗಗ ಹಾಡ ಹತ್ತಿದ್ರ ಮಂದಿ ಮಾತು ಹತ್ತಂಗಿಲ್ರೀ." ಬಾಯಿಬಡಕಿ ಎನ್ನಿಸಿಕೊಂಡರೂ ಚಿಂತೆಯಿಲ್ಲ, ಅವನ ಕಿವಿಯ ಮಾತು ಹೊರಗೆ ಬೀಳಬಾರದು ಎಂದು ನಾನು ತೀರ್ಮಾನಿಸಿಯಾಗಿತ್ತು.

ಅವರು ಹೋದ ಮೇಲೆ ಅಣ್ಣ ಹುಡುಗರಂತೆ ಓಡಾಡಿದ. "ಅವರಿಗೆ ತಾಳ ಕೇಳಿಸ್ತಿಲ್ಲೋ? ಏನಂದ್ರು?"

"ಭಾಳ ಛಲೋ ಐತಿ ಅಂದ್ರಣ್ಣಾ."

"ನೋಡಿದೆಲ್ಲ. ವಜ್ರ ಅಂದ್ರ ವಜ್ರ."

ಸಂಬಂಧ ಕೂಡಿತು. ಆದರೆ ಹುಡುಗನ ಅಜ್ಜ ತೀರಿಕೊಂಡು ಲಗ್ನ ಒಂದು ವರ್ಷ ಮುಂದೆ ಹೋಯಿತು. ಆ ವರ್ಷ ಪೂರ್ತಿ ಅಣ್ಣನಿಗೆ ನಾನೇ ಕಿವಿಯಾದೆ. ಹಾಲಿನವ ಬಂದರೆ ಮೊದಲೇ ಹೊರಗೆ ಓಡುವುದು, ನೆರೆಯವರು ಮಾತಾಡಿಸಿದರೆ ನಾನೇ ಮುಂದಾಗಿ ಉತ್ತರಿಸುವುದು. ಅವನು ಪ್ರತಿ ರಜೆಯ ದಿನ ಏನೋ ಒಂದು ಬಿಚ್ಚಿ, ಏನೋ ಒಂದು ಜೋಡಿಸಿ, "ಹೇಳ ತಂಗೀ, ಈಗ?" ಎನ್ನುತ್ತಿದ್ದ. ನಾನು "ಬಂತಣ್ಣಾ, ಈಗ ಸರಿ ಬಂತು" ಎನ್ನುತ್ತಿದ್ದೆ. ಕಲಬೆರಕೆ ಇಲ್ಲದ ಕಿವಿ ಎಂದವನಿಗೆ ನಾನು ವರ್ಷವಿಡೀ ಕೊಟ್ಟ ಉತ್ತರ ಅದು.

ಲಗ್ನವಾಯಿತು. ಬಬಲೇಶ್ವರಕ್ಕೆ ಹೋದೆ. ಆಗಲಾದರೂ ಹೇಳಬಹುದಿತ್ತು. ಈಗಷ್ಟೇ ಬಂದಿದ್ದೇನೆ, ಇನ್ನೊಂದಿಷ್ಟು ದಿನ ಹೋಗಲಿ ಎಂದೆ. ನಾಗರಪಂಚಮಿಗೆ ಅಣ್ಣ ನನ್ನನ್ನು ತವರಿಗೆ ಕರೆಯಲು ಬಂದಾಗ ಹೇಳೋಣ ಎಂದುಕೊಂಡೆ. ಅವನು ಬಂದ, ಉಂಡಿ ತಿಂದ, ನನ್ನ ಗಂಡನ ಜೊತೆ ಹೊಲ ನೋಡಿ ಬಂದ. ಅವರು ಮೆಲ್ಲಗೆ ಮಾತಾಡುವವರು. ಅಣ್ಣ ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಎನ್ನುತ್ತಿದ್ದ. ಆಗಲೂ ಹೇಳಲಿಲ್ಲ.

ಮುಂದಿನ ಹತ್ತಿಯ ಸುಗ್ಗಿಯಲ್ಲಿ ಮಿಲ್ಲಿಗೆ ಬೆಂಕಿ ಬಿತ್ತು. ಒಂದು ಮಷೀನಿನ ಬೇರಿಂಗು ಎಣ್ಣೆಯಿಲ್ಲದೆ ಒಣಗಿ, ಕೀರೆಂದು ಕೂಗಿ ಕೂಗಿ ಕಾದು, ಹತ್ತಿಗೆ ಕಿಡಿ ಹಾರಿತು. ಬೇಗ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮಷೀನಿನ ಮಗ್ಗುಲಲ್ಲೇ ನಿಂತಿದ್ದವನು ಅಣ್ಣ. ಆಚೆ ತುದಿಯ ಹಮಾಲರಿಗೆ ಕೇಳಿಸಿದ ಕೂಗು ಅವನಿಗೆ ಕೇಳಿಸಿರಲಿಲ್ಲ. ಎಲ್ಲರೂ ಅವನ ಮುಖ ನೋಡಿದರಂತೆ. ಅವನು ಮಷೀನಿನ ಹತ್ತಿರ ಹೋಗಿ, ಸುಟ್ಟ ಬೇರಿಂಗನ್ನು ಕೈಯಲ್ಲಿ ಹಿಡಿದುಕೊಂಡು, "ಇದು ಹೇಳಲಿಲ್ಲ ನನಗ" ಎಂದನಂತೆ. ಮಾಲೀಕರು ಬೈಯಲಿಲ್ಲ. ಕಿವಿ ತೋರಿಸಿಕೊಂಡು ಬಾ ಎಂದು ಕಳಿಸಿದರು.

ಮಿರಜದ ದವಾಖಾನೆಗೆ ಅವನ ಜೊತೆ ಹೋದದ್ದು ನಾನು. ಡಾಕ್ಟರು ವಯಸ್ಸಾದವರು, ಕನ್ನಡ ಬಲ್ಲವರು. ಅಣ್ಣನ ಕಿವಿಗೆ ಏನೇನೋ ಹಿಡಿದು ನೋಡಿ, ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ನನಗೆ ಹೇಳಿದರು.

"ಇದು ಇಂದ ನಿನ್ನೆ ಆದದ್ದಲ್ಲ. ಮಷೀನ್ ಸಪ್ಪಳಕ್ಕ ಒಳಗಿನ ನರ ಸತ್ತಾವ. ಸತ್ತದ್ದು ತಿರುಗಿ ಬರಂಗಿಲ್ಲ. ಇನ್ನೂ ಇಳೀತಾವ. ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲೇನವಾ?"

"ಇಲ್ರೀ."

"ಎರಡ ವರ್ಷದ ಹಿಂದ ಆ ಕೆಲಸ ಬಿಡಿಸಿದ್ರ ಅಂದ ಇದ್ದಷ್ಟು ಉಳೀತಿತ್ತು. ಮಾತು ಕೇಳತಿದ್ದ, ಹಾಡು ಕೇಳತಿದ್ದ."

ಅಣ್ಣ ನನ್ನ ಭುಜ ಮುಟ್ಟಿದ. "ಏನಂತಾರ?"

ನಾನು ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಮಷೀನಿನ ಸಪ್ಪಳದಿಂದ ಆಗಿದೆಯಂತೆ, ವಾಸಿಯಾಗುವುದಿಲ್ಲವಂತೆ, ಇನ್ನು ಆ ಕೆಲಸ ಬೇಡವಂತೆ. ಎರಡು ವರ್ಷದ ಮಾತನ್ನು ಮಾತ್ರ ನುಂಗಿದೆ. ಡಾಕ್ಟರು ನೋಡುತ್ತಲೇ ಇದ್ದರು. ಒಂದು ಮಾತು ಕಡಿಮೆಯಾಯಿತೆಂದು ಅವರಿಗೆ ಗೊತ್ತಾಯಿತೋ ಏನೋ. ಅಣ್ಣ ಅಂಗಿಯ ಕೊನೆಯ ಗುಂಡಿ ಹಾಕಿಕೊಂಡ. ಆಮೇಲೆ, "ಹಂಗಾದ್ರ ಸೂಜಿದು ತಪ್ಪಿದ್ದಿದ್ದಿಲ್ಲ" ಎಂದ. "ಚಾಚಾಗ ಸುಮ್ನ ಬೈದೆ."

ಮಿಲ್ಲು ಬಿಟ್ಟ. ಚಾಚಾ ತಮ್ಮ ಕಪಾಟಿನಂಥ ಅಂಗಡಿಯಲ್ಲೇ ಅವನಿಗೊಂದು ಸ್ಟೂಲ್ ಹಾಕಿಕೊಟ್ಟರು. ನಾಲ್ಕೈದು ವರ್ಷಗಳಲ್ಲಿ ಪೂರ್ತಿ ಕೇಳಿಸದಾಯಿತು. ಆಮೇಲೆ ಅವನ ಮಡಿಲಲ್ಲಿ ಸದಾ ಒಂದು ಪಾಟಿ, ಒಂದು ಬಳಪ. ಮಾತಾಡಿಸುವವರು ಅದರಲ್ಲಿ ಬರೆಯಬೇಕು. ಅವನ ಲಗ್ನದ ಮಾತು ತಾನಾಗಿ ನಿಂತುಹೋಯಿತು.

ವಿಚಿತ್ರವೆಂದರೆ ಊರಿನವರು ತಮ್ಮ ಪ್ಲೇಯರುಗಳನ್ನು ಅವನ ಹತ್ತಿರವೇ ತರುತ್ತಿದ್ದರು. ಅವನು ತಿರುಗುವ ತಟ್ಟೆಯ ಅಂಚಿಗೆ ಬೆರಳ ತುದಿ ತಾಗಿಸಿ ಅದರ ನಡಿಗೆ ಹೇಳುತ್ತಿದ್ದ. ಸ್ಪೀಕರಿನ ಕಾಗದದ ಮೇಲೆ ಅಂಗೈಯಿಟ್ಟು ತಬಲಾ ಹಿಡಿಯುತ್ತಿದ್ದ. ತಾಳ ಮಾತ್ರ ಅಂಗೈಗೆ ಸಿಗುತ್ತಿರಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಗಿರಾಕಿಗಳ ಮುಂದೆ ನನ್ನನ್ನು ಕೂರಿಸುತ್ತಿದ್ದ. "ಇಕೀನ್ನ ಕೇಳ್ರಿ. ನನ್ನ ತಂಗಿ ಹೂಂ ಅಂದ್ರ ಆತು. ಇಕೀಗೆ ಸುಳ್ಳು ಹೇಳಾಕ ಬರಂಗಿಲ್ಲ." ಆಗ ನಾನು ನಿಜವನ್ನೇ ಹೇಳುತ್ತಿದ್ದೆ. ತಾಳ ಚುಚ್ಚಿದರೆ ಚುಚ್ಚುತ್ತದೆ ಎಂದು ಪಾಟಿಯಲ್ಲಿ ಬರೆಯುತ್ತಿದ್ದೆ. ಮಂದಿಯ ಪ್ಲೇಯರುಗಳ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿಲ್ಲ.

ಆ ಪಾಟಿಯ ಮೇಲೆ ನಾನು ಬರೆಯದ ಮಾತಿಲ್ಲ. ಮಕ್ಕಳ ಹೆಸರು, ಮಳೆ, ಬೀಗರ ಜಗಳ, ಯಾವ ಊರಿನಲ್ಲಿ ಯಾರು ಸತ್ತರು ಎಲ್ಲ. ಮಿರಜದ ಆ ಒಂದು ಮಾತನ್ನು ನಲವತ್ತು ವರ್ಷ ಬರೆಯಲಿಲ್ಲ.

ಕೊನೆಯ ಕಾಯಿಲೆಯಲ್ಲಿ ಅವನನ್ನು ಬಬಲೇಶ್ವರಕ್ಕೆ ಕರೆತಂದಿದ್ದೆವು. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅವನು ದಿಂಬಿಗೆ ಒರಗಿ ಕೂತಿದ್ದ. ಅವನ ಕೈಯಿಂದ ಪಾಟಿ ತೆಗೆದುಕೊಂಡೆ. "ಮಿರಜದ ಡಾಕ್ಟರು ಅಂದು ಇನ್ನೊಂದು ಮಾತು ಹೇಳಿದ್ದರು" ಎಂದು ಬರೆದೆ. ನನ್ನ ಅಕ್ಷರ ದೊಡ್ಡವು, ಅಷ್ಟಕ್ಕೇ ಪಾಟಿ ತುಂಬಿತು. ತೋರಿಸಿದೆ. ಅವನು ಓದಿದ. ತನ್ನ ಅಂಗಿಯ ತುದಿಯಿಂದ ಪಾಟಿಯನ್ನು ತಾನೇ ಚೊಕ್ಕ ಮಾಡಿ, ಮುಂದಿನದನ್ನು ಬರೆಯಲು ನನ್ನ ಮುಂದೆ ಹಿಡಿದ.

"ಬರಿ" ಎಂದ. "ಏನಂದಿದ್ರು?"

ನಾನು ಬಳಪ ಹಿಡಿದು ಕೂತೆ. ಅವನು ಕಾಯುತ್ತಿದ್ದ. ಸಿಟ್ಟಿಲ್ಲ, ಆತುರವಿಲ್ಲ. ನನ್ನ ಕಣ್ಣು ತುಂಬಿ ಪಾಟಿ ಕಾಣದಾಯಿತು.

"ಚಹಾ ಮಾಡಲೇನು?" ಎಂದು ಬರೆದೆ.

ಅವನು ಓದಿ, ನನ್ನ ಮುಖ ನೋಡಿ, ಪಾಟಿಯನ್ನು ಮಗ್ಗುಲಿಗಿಟ್ಟ. "ಮಾಡು" ಎಂದ. "ಅಳಬ್ಯಾಡ."

ಚಹಾ ಮಾಡಿ ತಂದೆ. ಕುಡಿದ. ಮತ್ತೆ ಕೇಳಲಿಲ್ಲ. ನಾಲ್ಕನೆಯ ದಿನ ಹೋದ.